ಕಂಪ್ಯೂಟರ್ ರೂಮಿನ ಹೊಸಿಲಾಚೆ ನಿಂತ ಸಿದ್ದಮ್ಮ

ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು... ಹಾರ್ಡ್ ಡಿಸ್ಕ್ ಫೇಲ್ಯೂರ್.

ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಮತ್ತೆ ಅದೇ ಸಾಲು.

ತೊಂಬತ್ತರ ದಶಕದ ಕೊನೆಯ ಮಾತು. ಗುಂಡ್ಲುಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ನಾನು ಕಂಪ್ಯೂಟರ್ ಟೀಚರ್. ವಯಸ್ಸು ಇಪ್ಪತ್ತೆರಡು, ದಿನಾ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದೆ.

ಇದ್ದದ್ದು ಒಂದೇ ಕಂಪ್ಯೂಟರ್. ಹನ್ನೊಂದು ಜನ ವಿದ್ಯಾರ್ಥಿಗಳು. ಶುಕ್ರವಾರ ಅವರ ಮೊದಲ ಪರೀಕ್ಷೆ.

ಡಿಸ್ಕಿನಲ್ಲಿ ಜಾಗ ಸಾಲುತ್ತಿಲ್ಲ ಅಂತ ಮಾಲೀಕರಾದ ಮಾದಪ್ಪ ಸರ್ ಇನ್ನೊಂದು ಹಾರ್ಡ್ ಡಿಸ್ಕ್ ತಂದಿದ್ದರು. ಜೋಡಿಸಲು ಮೈಸೂರಿಂದ ಎಂಜಿನಿಯರ್ ಕರೆಸೋಣ ಅಂದರು. ಬೇಡ ಸರ್, ಅದೇನು ದೊಡ್ಡ ಕೆಲಸ, ನಾನೇ ಹಾಕುತ್ತೇನೆ ಅಂದುಬಿಟ್ಟೆ.

ಕೋರ್ಸಿನಲ್ಲಿ ಒಂದು ಸಲ, ಅದೂ ನಾಲ್ಕು ಜನರ ಬೆನ್ನ ಹಿಂದಿನಿಂದ ಇಣುಕಿ ನೋಡಿದ್ದು ಬಿಟ್ಟರೆ ಆ ಕೆಲಸ ನನಗೆ ಗೊತ್ತೇ ಇರಲಿಲ್ಲ.

ಜೋಡಿಸಿದ್ದ ಹೊಸ ಡಿಸ್ಕನ್ನು ಬಿಚ್ಚಿ ತೆಗೆದೆ. ಆಗಲೂ ಕಂಪ್ಯೂಟರ್ ಏಳಲಿಲ್ಲ. ಕೇಬಲ್ ಕಿತ್ತು ಮತ್ತೆ ಒತ್ತಿದೆ, ಇಲ್ಲ. ಕೈ ಬೆವರಿ ಸ್ಕ್ರೂಡ್ರೈವರ್ ಜಾರುತ್ತಿತ್ತು.

ಸರ್ ಬಾಗಿಲಿಗೆ ಬಂದು, ಏನಾಯ್ತಮ್ಮ ಅಂತ ಕೇಳಿದರು.

ಆಗ ತಾನೇ ಒರೆಸಿದ್ದ ನೆಲ ಇನ್ನೂ ಆರಿರಲಿಲ್ಲ. ಅದನ್ನು ನೋಡುತ್ತಲೇ ಹೇಳಿದೆ, "ಸಿದ್ದಮ್ಮ ಒದ್ದೆ ಬಟ್ಟೇಲಿ ಕಂಪ್ಯೂಟರ್ ಒರೆಸಿರಬೇಕು ಸರ್. ನೀರು ಒಳಗೆ ಹೋಗಿದೆ."

ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಸಿದ್ದಮ್ಮ ಅಲ್ಲಿ ಗುಡಿಸಿ ಒರೆಸುತ್ತಿದ್ದವರು, ಐವತ್ತು ದಾಟಿದ ಹೆಂಗಸು. ಕಂಪ್ಯೂಟರ್ ಮೇಲಿನ ಧೂಳಿಗೆ ಅಂತಲೇ ಹಳೆಯ ಸೀರೆಯ ತುಂಡೊಂದನ್ನು ಬೇರೆ ಎತ್ತಿಟ್ಟಿದ್ದರು. ಸರ್ ಅವರನ್ನು ಕರೆದು ಕೇಳಿದರು.

"ನೀರ್ ಮುಟ್ಸಿಲ್ಲ ಕಣ್ ಬುದ್ಧಿ. ಒಣ ಬಟ್ಟೇಲಿ ಮ್ಯಾಗ್ ಮ್ಯಾಗೆ ಒರ್ಸ್ದೆ, ಅಷ್ಟೆಯ" ಅಂದರು. ಆಮೇಲೆ ನನ್ನ ಮುಖ ನೋಡಿದರು. ನಾನು ಸ್ಕ್ರೂಡ್ರೈವರ್ ನೋಡುತ್ತಾ ಕೂತೆ.

ಇನ್ನು ಮೇಲೆ ಆ ರೂಮಿಗೆ ಕಾಲಿಡಬೇಡ ಅಂದರು ಸರ್. ಸಿದ್ದಮ್ಮ ತಲೆಯಾಡಿಸಿ ಹೊರಟರು. ಒಳಗೆ ಬರಬೇಡ ಅನ್ನುವ ಮಾತನ್ನು ಅವರು ಬದುಕಿನಲ್ಲಿ ಅದೇ ಮೊದಲ ಸಲ ಕೇಳಿದ್ದಲ್ಲ ಅನ್ನುವುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಗುರುವಾರ ಮೈಸೂರಿಂದ ಎಂಜಿನಿಯರ್ ಬಂದರು. ಐದು ನಿಮಿಷದ ಕೆಲಸ.

ಡಿಸ್ಕಿನ ಹಿಂದೆ ಜಂಪರ್ ಅಂತ ಅಕ್ಕಿಕಾಳಿನಷ್ಟು ಸಣ್ಣ ಕ್ಲಿಪ್ ಇರುತ್ತದೆ. ಯಾವ ಡಿಸ್ಕ್ ಮೊದಲನೆಯದು, ಯಾವುದು ಎರಡನೆಯದು ಅಂತ ಕಂಪ್ಯೂಟರಿಗೆ ತಿಳಿಯುವುದು ಅದರಿಂದಲೇ. ಹಳೆಯ ಡಿಸ್ಕಿನ ಜಂಪರನ್ನೂ ನಾನು ಹೇರ್‌ಪಿನ್ನಿನಲ್ಲಿ ಎರಡನೆಯದರ ಜಾಗಕ್ಕೆ ಸರಿಸಿಬಿಟ್ಟಿದ್ದೆ. ಮೊದಲನೆಯದು ಅನ್ನುವ ಡಿಸ್ಕೇ ಇಲ್ಲದಂತಾಗಿತ್ತು.

"ಇದನ್ನ ಯಾರು ಸರಿಸಿದ್ದು ಮೇಡಂ?" ಅಂತ ಮೆಲ್ಲಗೆ ಕೇಳಿದರು. ನನ್ನ ಕೈ ತಲೆಯ ಹೇರ್‌ಪಿನ್ನಿಗೆ ಹೋಯಿತು. ಅವರಿಗೆ ಅರ್ಥವಾಯಿತೇನೋ, ಸಣ್ಣ ಕನೆಕ್ಷನ್ ಪ್ರಾಬ್ಲಂ ಅಂತ ಸರ್‌ಗೆ ಹೇಳಿ ಹೋದರು. ಪರೀಕ್ಷೆಯೂ ಆಯಿತು.

ಸೋಮವಾರ ಸಿದ್ದಮ್ಮ ಹೊಸಿಲಾಚೆ ನಿಂತು, ಕಾಗದದ ಸಣ್ಣ ಪೊಟ್ಟಣ ಚಾಚಿದರು.

"ಬೆಟ್ಟಕ್ಕೋಗಿದ್ದೆ ಕಣ್ ಮೇಡಮ್ಮೋರೆ. ನನ್ ಕೈಯಿಂದ ಕೆಟ್ಟಿದ್ದು ಸರಿಯಾಗ್ಲಿ ಅಂತ ಗೋಪಾಲಸ್ವಾಮಿಗೆ ಅರಕೆ ಒತ್ಕಂಡಿದ್ದೆ. ಅಪ್ಪ ಕೈ ಬುಡ್ನಿಲ್ಲ. ಪರಸಾದ ತಕ್ಕಳಿ."

ಮಾಡದ ತಪ್ಪಿಗೆ ಹರಕೆ ಹೊತ್ತು, ಬೆಟ್ಟ ಹತ್ತಿ ತೀರಿಸಿಯೂ ಬಂದಿದ್ದರು.

ನಾನು ಕೈಯೊಡ್ಡಿದೆ. ಕಣ್ಣಿಗೊತ್ತಿಕೊಂಡು ತಿಂದೆ ಕೂಡ.

ಒಂದು ವಾರ ತಡೆದು ಮಾದಪ್ಪ ಸರ್ ಹತ್ತಿರ ನಿಜ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು. "ಓಗ್ಲಿ ಬುಡಮ್ಮ, ಅವ್ಳಿಗೇನ್ ತಿಳೀತದೆ. ನಾಳೆಯಿಂದ ಒಳಗ್ ಬಾ ಅಂದ್ರಾಯ್ತು."

ಹೇಳಲು ನಾಚಿಕೆಯಾಗುತ್ತದೆ... ಆ ಕ್ಷಣ ನನಗೆ ನೆಮ್ಮದಿಯೇ ಆಯಿತು.

ಮರುದಿನ ಕರೆದೆ, ಒಳಗೆ ಬನ್ನಿ ಸಿದ್ದಮ್ಮ, ಸರ್ ಹೇಳಿದ್ದಾರೆ ಅಂತ.

"ಬ್ಯಾಡಿ ಮೇಡಮ್ಮೋರೆ. ನನ್ ಕೈ ಸರಿಯಿಲ್ಲ. ಇನ್ನೊಂದ್ ದಪ ಕೆಟ್ಟೋದ್ರೆ ನಿಮಗೇ ಮಾತು ಬತ್ತದೆ."

ಅವರಿಗೆ ನನ್ನ ಚಿಂತೆ.

ಸಿದ್ದಮ್ಮ, ಕೆಡಿಸಿದ್ದು ನಾನು... ಅಷ್ಟೇ ಹೇಳಬೇಕಿತ್ತು. ಬಾಯಿ ತೆರೆದೆ. ಆಮೇಲೆ ಅವರ ಕೈಯಿಂದ ಪೊರಕೆ ಇಸಿದುಕೊಂಡು ರೂಮನ್ನು ನಾನೇ ಗುಡಿಸಿದೆ.

ಕೆಲಸ ಬಿಡುವವರೆಗೆ, ಐದು ತಿಂಗಳು, ದಿನಾ ಗುಡಿಸಿದೆ. ಮೇಡಂಗೆ ಒಂಚೂರೂ ದೊಡ್ಡಸ್ತಿಕೆ ಇಲ್ಲ ಅಂತ ವಿದ್ಯಾರ್ಥಿಗಳು ಹೊಗಳುತ್ತಿದ್ದರು. ಅದನ್ನೂ ಸುಮ್ಮನೆ ಕೇಳಿಸಿಕೊಂಡೆ.

ನಿಜ ಹೇಳಲೇಬೇಕಾಗಿದ್ದ ಆ ಒಬ್ಬರಿಗೆ ಹೇಳದೆ, ಇಷ್ಟು ವರ್ಷದ ಮೇಲೆ ನಿಮಗೆಲ್ಲ ಹೇಳುತ್ತಿದ್ದೇನೆ.