ಸೀತಾರಾಮಣ್ಣನ ಹ್ವಾಯ್

ನಮ್ಮ ನಾವುಂದದಲ್ಲಿ ಸೀತಾರಾಮಣ್ಣ ಕಣ್ಣಿಗೆ ಬೀಳುವ ಮೊದಲು ಅವರ ಸ್ವರ ಕಿವಿಗೆ ಬೀಳುತ್ತಿತ್ತು. ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಪುಡಿ ಮಾಡುವ ಯಂತ್ರದ ಪಕ್ಕ ಅವರ ಕೆಲಸ. ಆ ಗದ್ದಲವನ್ನು ಮೀರಿಸಿ ಮೀನಿನ ಲಾರಿಯವರನ್ನು "ಹ್ವಾಯ್!" ಎಂದು ಕರೆದರೆ, ಗದ್ದೆಯಾಚೆ ಬಾವಿಕಟ್ಟೆಯಲ್ಲಿದ್ದ ನನ್ನ ಕೈಯ ಹಗ್ಗ ನಿಂತೇಬಿಡುತ್ತಿತ್ತು. "ನಿನ್ನಲ್ಲ ಕರ್ದದ್, ನೀ ನೀರ್ ಸೇದ್ ಮರಾಯ್ತಿ" ಎಂದು ಅವರ ಹೆಂಡತಿ ಗಿರಿಜಕ್ಕ ಬೇಲಿಯಾಚೆ ನಗುತ್ತಿದ್ದರು.

ಪ್ರಾಯದಲ್ಲಿ ಮುಂಬೈ ಹೋಟೆಲಿನಲ್ಲಿದ್ದವರು. ಅಲ್ಲಿ ಕಬಡ್ಡಿ ಆಡಿದ್ದರು, ನಾಟಕ ಮಾಡಿದ್ದರು. ಊರಿಗೆ ಬಂದ ಮೇಲೆ ಮೊಣಕಾಲು ಕಬಡ್ಡಿಗೆ ಒಗ್ಗಲಿಲ್ಲ, ನಾಟಕ ಉಳಿಯಿತು. ನಾಟಕದ ದಿನ ನಾನು ದೇವರಿಗೆ ತುಪ್ಪದ ದೀಪ ಇಟ್ಟೆ ಎಂದರೆ, "ದೀಪ ಇಟ್ರೆ ಸ್ವರ ಬತ್ತಿಲ್ಲೆ ತಂಗಿ, ಶುಂಠಿ ಕಷಾಯ ಕುಡುದ್ರೆ ಬತ್ತ್" ಎನ್ನುತ್ತಿದ್ದರು. ಹಾಗೆಂದವರೇ ಹೋಗುವಾಗ ನಮ್ಮ ದೇವರ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು.

ಕಿರಿಮಂಜೇಶ್ವರದ ಮರಳ ದಂಡೆಗೆ ಕಬಡ್ಡಿಯ ಕತೆಯ ಸಿನಿಮಾದವರು ಬಂದಾಗ, ತಂಡದ ಕೋಚ್ ಪಾತ್ರ ಸೀತಾರಾಮಣ್ಣನಿಗೆ ಸಿಕ್ಕಿತು. ಹೀರೊ ಬೆಂಗಳೂರಿನ ಹುಡುಗ, ಗುಣದಲ್ಲಿ ಒಳ್ಳೆಯವ. ಮಧ್ಯಾಹ್ನದ ಊಟಕ್ಕೆ ಅವರೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ನಾನು ಸಾರು ಬಡಿಸುತ್ತ ಅವರ ಮಾತು ಕೇಳುತ್ತಿದ್ದೆ. ಬಣ್ಣ ಹಚ್ಚುವವರ ಮಾತು ಇಷ್ಟು ಕಷ್ಟದ್ದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಶಾಟ್‌ಗೆ ಮುಂಚೆ ನಾನು ಮರಳಲ್ಲಿ ಓಡಿ ಬರ್ತೀನಿ ಸರ್. ಸುಸ್ತು ನಿಜ ಆದ್ರೆ ಮುಖ ತಾನಾಗೇ ಬರುತ್ತೆ" ಎಂದ ಹೀರೊ.

"ಸುಸ್ತ್ ತೋರ್ಸುದಲ್ಲ ಮಾಣಿ, ಮುಚ್ಚುದ್" ಎಂದರು ಸೀತಾರಾಮಣ್ಣ. "ಉಸ್ರ್ ಮುಗ್ದದ್ದನ್ನ ಆಡುವವ ಎದ್ರಿನವ್ರಿಗೆ ತೋರ್ಸ್ತನಾ? ನಗಾಡ್ಕಂಡೇ ಗೆರೆ ಬದಿಗೆ ಬತ್ತ."

"ಹಾಗಾದ್ರೆ ನೋಡೋರಿಗೆ ಹೇಗೆ ಗೊತ್ತಾಗ್ಬೇಕು?"

"ಅದಕ್ಕೇ ಅಲ್ದಾ ಗೆರೆಯಾಚೆ ನಾನ್ ನಿಂತದ್? ನಿನ್ ಸುಸ್ತ್ ನನ್ ಮುಖದ್ ಮೇಲೆ ಕಾಣ್ಕ್."

ಎದುರಾಳಿ ತಂಡದಲ್ಲಿದ್ದ ನಮ್ಮೂರಿನ ಒಬ್ಬ ಹಪ್ಪಳ ಮುರಿಯುತ್ತ, "ನೀವಿಬ್ರೂ ಮುಖ ಮಾಡ್ಕಂಡಿರಿ. ಮೂಳೆ ಮುರ್ಕಂಬುದ್ ನಾವ್!" ಎಂದ. ಹೀರೊ ಅನ್ನ ನೆತ್ತಿಗೇರುವಷ್ಟು ನಕ್ಕ.

ಕೊನೆಯ ಆಟದ ಚಿತ್ರೀಕರಣಕ್ಕೆ ನಾನೂ ಗಿರಿಜಕ್ಕನೂ ಹೋಗಿದ್ದೆವು. ಹೀರೊ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದು, ಗೆರೆಗೆ ಮುಂಚೆ ಬೀಳಬೇಕು. ಆಗ ಕೋಚ್ ಒಂದು ಉದ್ದದ ಮಾತು ಹೇಳಬೇಕು. ಆದರೆ ಅವನು ಎಣಿಸಿದ್ದಕ್ಕಿಂತ ಮೊದಲೇ ಕಾಲು ತಪ್ಪಿ ನಿಜವಾಗಿ ಬಿದ್ದ. ಸೀತಾರಾಮಣ್ಣನಿಗೆ ಬರೆದುಕೊಟ್ಟ ಮಾತು ಮರೆತುಹೋಯಿತು. "ಹ್ವಾಯ್!" ಎಂದು ಕೂಗಿಬಿಟ್ಟರು, ಲಾರಿ ಹಿಂದೆ ಬರುವಾಗ ಕೂಗುವ ಹಾಗೆಯೇ. ಮರಳಲ್ಲಿ ಮುಖ ಹುಗಿದಿದ್ದ ಹುಡುಗ ಕೈ ಚಾಚಿ ಗೆರೆ ಮುಟ್ಟಿದ.

"ನನ್ನ ಕೈ ತಾನಾಗಿ ಹೋಯ್ತು ಸರ್, ಅದು ಆಕ್ಟಿಂಗೇ ಅಲ್ಲ" ಎಂದ ಆಮೇಲೆ.

"ಅದೂ ನಟನೆಯೇ ಮಾಣಿ. ನಮ್ಗಿಬ್ರಿಗೂ ಗೊತ್ತಾಯ್ಲಿಲ್ಲೆ, ಅಷ್ಟೆ."

ಸಿನಿಮಾದಲ್ಲಿ ಮಾತನ್ನು ಆಮೇಲೆ ಬೆಂಗಳೂರಿನಲ್ಲಿ ಕುಳಿತು ಇನ್ನೊಮ್ಮೆ ಹೇಳಿ ಸೇರಿಸುವುದಂತೆ. ಅದಕ್ಕೆ ಕರೆ ಬರುತ್ತದೆ ಎಂದು ಸೀತಾರಾಮಣ್ಣ ಕಾದರು. ಕಾಯುತ್ತಿರುವಾಗಲೇ ಸ್ವರ ಒಡೆಯತೊಡಗಿತು. ಮಂಜುಗಡ್ಡೆಯ ಥಂಡಿ ಎಂದರು, ಶೀತ ಎಂದರು. ಪ್ರತಿ ಸಂಜೆ ಜಗಲಿಯಲ್ಲಿ ಗಿರಿಜಕ್ಕ ಸಿನಿಮಾದ ಮಾತಿನ ಕಾಗದ ಹಿಡಿದು ಮಾತು ಎತ್ತಿಕೊಡುವುದು, ಇವರು ಒಡಕು ಗಂಟಲಿನಲ್ಲಿ ಹೇಳುವುದು. ಕೊನೆಗೆ ಬ್ರಹ್ಮಾವರದಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗಿನ ಗಡ್ಡೆಯ ಹೆಸರು ಹೇಳಿದರು. ಸ್ವರಪೆಟ್ಟಿಗೆ ತೆಗೆಯಬೇಕು, ತಡ ಮಾಡಬಾರದು ಎಂದರು.

ಇವರು ತಡ ಮಾಡಿದರು.

"ಡಬ್ಬಿಂಗ್ ಮುಗ್ಸಿ ಬತ್ತೆ, ಮತ್ತೆ ಎಂತ ಬೇಕಾರೂ ಕೊಯ್ಯಲಿ" ಎಂದು ಹಟ. ಗಿರಿಜಕ್ಕ ಅತ್ತರು, ಬೈದರು. "ನಿಮ್ಗೆ ಸಿನಿಮಾ ದೊಡ್ಡದಾ, ನಾನ್ ದೊಡ್ಡದಾ?" ಎಂದು ನನ್ನೆದುರೇ ಕೇಳಿದರು. "ಪಾತ್ರ ಅರ್ಧಕ್ಕೆ ಬಿಟ್ಟ್ ಬಣ್ಣ ತೊಳ್ಕಂಡ್ ಓಡಿಹೋಪವ್ನಾ ನಾನ್?" ಎಂದರು, ಪಿಸುಗುಟ್ಟಿದ ಹಾಗೆ. ಸುಸ್ತು ಮುಚ್ಚಿಕೊಂಡು ನಗುತ್ತಲೇ ಇದ್ದರು. ಬೆಂಗಳೂರಿನವರ ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ನುಂಗುವುದು ಕಷ್ಟವಾದಾಗಷ್ಟೇ ಒಪ್ಪಿದರು. ಅಷ್ಟರಲ್ಲಿ ಗಡ್ಡೆ ಹರಡಿತ್ತು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಆ ಕರೆ ಬಂತು. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಮೊಬೈಲಿನಲ್ಲಿ ಬೆಂಗಳೂರು ಎಂದು ತಿಳಿದದ್ದೇ ಇವರು ಗಿರಿಜಕ್ಕನ ಕೈಯಿಂದ ಕಿತ್ತುಕೊಂಡರು. ಕೊರಳಿನ ತೂತಿಗೆ ಸಿಕ್ಕಿಸಿದ ನಳಿಗೆಯಿಂದ ಗಾಳಿ ಮಾತ್ರ ಬಂತು. ಮೊಬೈಲಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದರು, ಬಾಗಿಲು ಬಡಿದ ಹಾಗೆ. ಗಿರಿಜಕ್ಕ ತೆಗೆದುಕೊಂಡು, "ಅವ್ರಿಗೆ ಸ್ವರ ಇಲ್ಲೆ" ಎಂದರು. ಆಚೆಯವ, "ಹೌದು ಮೇಡಂ, ವಾಯ್ಸ್ ಕೇಳ್ತಾನೇ ಇಲ್ಲ. ಸಿಗ್ನಲ್ ಇರೋ ಕಡೆ ಬಂದು ಮಾತಾಡೋಕೆ ಹೇಳಿ" ಎಂದ. ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಸೀತಾರಾಮಣ್ಣ ಎದ್ದು, ನಿಜವಾಗಿಯೂ ಅಂಗಳಕ್ಕೆ ಹೋಗಿ ನಿಂತರು.

ಕುಂದಾಪುರದ ಟಾಕೀಸಿಗೆ ಸಿನಿಮಾ ಬಂದಾಗ ಕೊರಳಿಗೆ ಶಾಲು ಸುತ್ತಿಕೊಂಡು ಬಂದಿದ್ದರು. ಪರದೆಯ ಮೇಲೆ ಅವರ ಬಾಯಿ, ಒಳಗೆ ಯಾರದೋ ದಪ್ಪ ಸ್ವರ, ಪುಸ್ತಕದ ಕನ್ನಡ. ನನ್ನ ಪಕ್ಕದ ಕತ್ತಲೆಯಲ್ಲಿ ಇವರ ತುಟಿ ತನ್ನ ಮಾತನ್ನು ತಾನೇ ಹೇಳಿಕೊಳ್ಳುತ್ತಿತ್ತು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳುತ್ತ ಕುಳಿತೆ. ಕೊನೆಯ ಆಟ ಬಂತು. ಹುಡುಗ ಬಿದ್ದ. "ಹ್ವಾಯ್!"

ಅದು ಇವರದೇ. ದಂಡೆಯಲ್ಲಿ ಕೂಗಿದ್ದು, ಹಿಂದೆ ಕಡಲ ಸದ್ದೂ ಇತ್ತು. ಅದನ್ನು ತೆಗೆಯಬಾರದೆಂದು ಆ ಹೀರೊ ಹುಡುಗನೇ ಹಟ ಹಿಡಿದಿದ್ದನಂತೆ. ನಾವುಂದದವರು ಕುಳಿತ ಸಾಲೆಲ್ಲ ಎದ್ದು ನಿಂತಿತು. ಇವರು ಮಾತ್ರ ಏಳಲಿಲ್ಲ. ಶಾಲಿನ ಮೇಲೆ ಕೈ ಇಟ್ಟುಕೊಂಡು, ಕೂಗಿದವರು ಯಾರೆಂದು ಹುಡುಕುವವರ ಹಾಗೆ ಪರದೆ ನೋಡುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ಕೊನೆಯ ದಿನದವರೆಗೂ ಗಂಜಿ ಇಳಿಯಿತು, ನೋವಿಗೆ ಮದ್ದು ಹಿಡಿಯಿತು. ದೇವರು ಅಷ್ಟನ್ನಾದರೂ ಇಟ್ಟ ಎಂದು ನಾನು ಕೈಮುಗಿಯುತ್ತೇನೆ. ಗಿರಿಜಕ್ಕನೆದುರು ಅದನ್ನು ಹೇಳುವ ಧೈರ್ಯ ನನಗಿಲ್ಲ.

ಆ ಸಿನಿಮಾ ಆಗಾಗ ಟಿವಿಯಲ್ಲಿ ಬರುತ್ತದೆ. ಗಿರಿಜಕ್ಕ ಸದ್ದನ್ನು ಪೂರ್ತಿ ತಗ್ಗಿಸಿ ಕೂರುತ್ತಾರೆ. ಗಂಡನ ತುಟಿ ಅಲ್ಲಾಡಿದಾಗ ಸಂಜೆಗಳಲ್ಲಿ ಬಾಯಿಪಾಠವಾದ ಆ ಮಾತುಗಳನ್ನು, ಅವರು ಹೇಳುತ್ತಿದ್ದ ನಮ್ಮ ಕುಂದಾಪ್ರ ಕನ್ನಡದಲ್ಲೇ, ತಾವೇ ಹೇಳುತ್ತಾರೆ. ಕೊನೆಯ ಆಟಕ್ಕೆ ಮಾತ್ರ ರಿಮೋಟು ಒತ್ತಿ ಸದ್ದು ಪೂರ್ತಿ ಏರಿಸುತ್ತಾರೆ.

ಬಾವಿಕಟ್ಟೆಗೆ ಅದು ಕೇಳುತ್ತದೆ. ಕರೆದದ್ದು ನನ್ನನ್ನಲ್ಲ ಎಂದು ಗೊತ್ತಿದ್ದೂ ಕೈಯ ಹಗ್ಗ ನಿಲ್ಲುತ್ತದೆ. ನೀರು ಸೇದು ಎಂದು ಬೇಲಿಯಾಚೆಯಿಂದ ಯಾರೂ ಹೇಳುವುದಿಲ್ಲ.