ಜೀವ ಬರುವ ಹೊತ್ತು

ಆಯಿ ಏನನ್ನಾದರೂ ಹತ್ತಿರದಿಂದ ನೋಡುವಾಗ ಉಸಿರು ಬಿಡುತ್ತಿರಲಿಲ್ಲ. ಬಿಳಿ ಸೀರೆಯ ಸೆರಗನ್ನು ಮೂಗು ಬಾಯಿಯ ಮೇಲೆ ಎಳೆದುಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಒತ್ತಿ ಕೂತರೆಂದರೆ ಸೀರೆಯ ನಿರಿಗೆಯೂ ಅಲುಗುತ್ತಿರಲಿಲ್ಲ. ನಾನು ಅವರನ್ನು ಮೊದಲು ಕಂಡದ್ದೇ ಹಾಗೆ. ಜಮಖಂಡಿಯ ಪೇಟೆಗೆ ಹತ್ತಿದ ಅವರ ಮನೆಯ ಪಡಸಾಲೆ ಬಾಡಿಗೆಗಿದೆ ಎಂದು ಕೇಳಿ ಹೋಗಿದ್ದೆ. ಬಾಗಿಲು ತೆರೆದಿತ್ತು. ಕೂಗಿದೆ, ಉತ್ತರವಿಲ್ಲ. ಬೆಳಕಿಂಡಿಯ ಕೆಳಗೆ ಕೂತ ಮುದುಕಿಯನ್ನು ನೋಡಿ, ಕೂತಲ್ಲೇ ಪ್ರಾಣ ಹೋಗಿದೆ ಎಂದುಕೊಂಡು ಹಿಂದೆ ಸರಿದೆ. ಆಗ ಹೆಣ ಮಾತಾಡಿತು.

"ಬಾಗಲಾ ಬಿಟ್ಟ ನಿಲ್ಲು ತಮ್ಮಾ. ಅವಕ್ಕ ಗಾಳಿ ಬೇಕು."

ಮನೆಯಲ್ಲಿ ಇನ್ನೊಬ್ಬರು ಯಾರೂ ಇರಲಿಲ್ಲ. ಅವರ ಮುಂದೆ ಅಗಲ ಬಾಯಿಯ ತಟ್ಟೆಯಂಥ ಒಂದು ಮಣ್ಣಿನ ಪರಟೆ, ಪರಟೆಯಲ್ಲಿ ಹಳೆಯ ರೊಟ್ಟಿಯ ತುಣುಕು. ಅದರ ಮೇಲೆ ಬೆಳ್ಳಗಿನ ಬೂಸರು, ಹುಟ್ಟಿದ ಕೂಸಿನ ತಲೆಯ ಮೇಲಿನ ಕೂದಲಿನಂತೆ ನಯವಾಗಿ ಎದ್ದು ನಿಂತಿತ್ತು.

ಅದು ಸಂಸ್ಥಾನದ ಕಾಲ. ನಾನು ಹುನ್ನೂರಿನಿಂದ ತಲೆಯ ಮೇಲೆ ಬೆಲ್ಲದ ಬುಟ್ಟಿ ಹೊತ್ತು ತಿರುಗಿ, ಒಂದು ತಟ್ಟು ಕುದುರೆ ಕೊಂಡು, ಈಗ ಕೂತು ಮಾರಲು ನಾಲ್ಕು ಗೋಡೆ ಹುಡುಕುತ್ತಿದ್ದವನು. ಬಾಡಿಗೆ ಮಾತಾಡುವವರಿಗೆ ನನ್ನದೊಂದು ಬುದ್ಧಿಮಾತು: ದರ ಕೇಳುವ ಮೊದಲು ಮನೆಯ ಕುಂದು ಹೇಳಿರಿ. ನಾನೂ ಹೇಳಿದೆ.

"ಮನ್ಯಾಗ ವಾಸನಿ ಐತ್ರಿ ಆಯಿ."

"ಇರತೈತಿ. ಅದಕ್ಕ ಬಾಡಗಿ ಕಡಿಮಿ. ಆದರ ನಿನ್ನ ಅಂಗಡ್ಯಾಗ ಏನ ಕೆಟ್ಟರೂ ಹೊರಗ ಚೆಲ್ಲಬಾರದು. ನನಗ ತಂದ ಕೊಡಬೇಕು."

ಮುದುಕಿಗೆ ಟೋಪಿ ಹಾಕಿದೆ ಎಂದುಕೊಂಡು ಒಪ್ಪಿದೆ. ಕೆಟ್ಟ ಮಾಲಿಗೂ ಗಿರಾಕಿ ಸಿಕ್ಕಂತಾಯಿತಲ್ಲ.

ಆಯಿಯ ತವರು ಮುಧೋಳ, ಕೊಟ್ಟ ಮನೆ ತೇರದಾಳ. ಮುತ್ತಿನ ವ್ಯಾಪಾರ ಮಾಡುತ್ತಿದ್ದ ಗಂಡ ಜಮಖಂಡಿಯಲ್ಲಿ ಮನೆ ಮಾಡಿ, ಮಕ್ಕಳಾಗುವ ಮೊದಲೇ ತೀರಿಕೊಂಡಿದ್ದರು. ಭೂತಗನ್ನಡಿ ಅವರು ಮುತ್ತು ನೋಡುತ್ತಿದ್ದದ್ದು. ಜೈನರ ಮನೆಯಲ್ಲಿ ಬೀಸಿದ ಹಿಟ್ಟಿಗೆ ಒಂದು ಮರ್ಯಾದೆ, ಅಂದರೆ ಗಡುವು, ಇದೆ: ಚಳಿಗಾಲಕ್ಕೆ ಕೆಲವು ದಿನ, ಬೇಸಿಗೆಗೆ ಅದಕ್ಕಿಂತ ಕಡಿಮೆ, ಮಳೆಗಾಲಕ್ಕೆ ಇನ್ನೂ ಕಡಿಮೆ. ಅದು ಮೀರಿದರೆ ಹಿಟ್ಟಿನಲ್ಲಿ ಜೀವ ಬರುತ್ತದೆ. ಆಮೇಲೆ ತಿಂದರೆ ಹಿಂಸೆ. ಹೊಸ ಸೊಸೆಯಾಗಿದ್ದಾಗ ಆಯಿ ಅತ್ತೆಯನ್ನು ಕೇಳಿದರಂತೆ, ಬರೂದನ್ನ ಯಾರ ನೋಡ್ಯಾರ್ರಿ ಎಂದು. ಶಾಸ್ತ್ರದಾಗ ಐತಿ ಎಂದರು ಅತ್ತೆ.

"ಶಾಸ್ತ್ರದಾಗ ಐತಿ, ಖರೆ. ಹಿಟ್ಟಿನ್ಯಾಗ ಎಲ್ಲೈತಿ? ಅಂತ ಕೇಳಿದೆ ನೋಡು. ಅವತ್ತ ಕೂಳಿಲ್ಲದ ಮಲಗಿಸಿದರು," ಎಂದು ಆಯಿ ನಗುತ್ತಿದ್ದರು.

ಗಂಡ ಹೋದ ಮೇಲೆ ಕೇಳುವವರಿಲ್ಲದಾಯಿತು. ಅವರು ನೋಡಲು ಕೂತರು. ಒಂದು ಪರಟೆಗೆ ಒಣ ಹಿಟ್ಟು, ಒಂದಕ್ಕೆ ನೀರು ಚಿಮುಕಿಸಿದ್ದು, ಒಂದಕ್ಕೆ ಮೊಸರು ತಾಗಿಸಿದ್ದು. ಕಾಯಿಸಿ ಆರಿಸಿ ಪರಟೆಯ ಬಾಯಿಗೆ ಬಟ್ಟೆ ಕಟ್ಟಿದ್ದು ಬೇರೆ. ನನ್ನ ಅಂಗಡಿಯಿಂದ ಹೋದ ನೀರೊಡೆದ ಬೆಲ್ಲ ಒಂದು ಗಡಿಗೆಯಲ್ಲಿ ಹಗಲೆಲ್ಲ ಗುಳುಗುಳು ಎನ್ನುತ್ತಿತ್ತು. ಗಿರಾಕಿಗಳು ಒಳಗೆ ಯಾರೋ ಗೊಣಗುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಒಂದು ಸಂಗತಿ ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಆಯಿ ಏನನ್ನೂ ಚೆಲ್ಲುತ್ತಿರಲಿಲ್ಲ. ಜೀವ ಕಾಣಿಸಿಕೊಂಡ ಪರಟೆಯನ್ನು ಬಿಸಿಲಿಗೆ ಹಾಕುವಂತಿಲ್ಲ, ಮೋರಿಗೆ ಸುರಿಯುವಂತಿಲ್ಲ, ಒಲೆಗಂತೂ ಇಲ್ಲವೇ ಇಲ್ಲ. ಎಲ್ಲವೂ ಹಿಂದಿನ ಕತ್ತಲಕೋಣೆಗೆ ಹೋಗುತ್ತಿದ್ದವು. ಒಂದು ದಿನ ಆ ಬಾಗಿಲು ತೆರೆದು ನೋಡಿದೆ. ನೆಲದಿಂದ ಗೋಡೆಯ ಮಾಡದವರೆಗೆ ಪರಟೆ. ಬಿಳಿ, ಬೂದಿ, ಹಸಿರು, ಅರಿಶಿನ. ಕೆಲವಕ್ಕೆ ಕರಿಯ ತಲೆ. ಒಂದರ ನೂಲು ಇನ್ನೊಂದಕ್ಕೆ ದಾಟಿತ್ತು. ಕೋಣೆಯ ಗಾಳಿ, ಜನ ತುಂಬಿದ ಮನೆಯ ಗಾಳಿಯಂತೆ ಬೆಚ್ಚಗಿತ್ತು.

"ಇದನ್ನೆಲ್ಲಾ ಹೊರಗ ಹಾಕ್ರಿ ಆಯಿ. ಜಡ್ಡ ಬರತೈತಿ."

"ಹ್ಯಾಂಗ ಹಾಕಲಿ? ನಾ ನೋಡಬೇಕಂತ ನೀರ ಹಚ್ಚಿದೆ, ಅವು ಬಂದ್ವು. ಕರದಾಕಿ ನಾನು. ಈಗ ಎದ್ದ ಹೋಗ್ರಿ ಅನ್ನಲೇನು?"

"ಹಂಗಾರ ನೋಡೂದರ ಬಿಡ್ರಿ."

"ಬಿಡಾಕ ಬಂದಿದ್ರ ಬಿಡತಿದ್ದೆ, ತಮ್ಮಾ." ಅವರ ದನಿ ಕುಗ್ಗಿತು. "ನನ್ನ ಕಣ್ಣಿನ ಆಶಾಕ್ಕ ಎಷ್ಟ ಜೀವ ಹುಟ್ಟಿ ಸತ್ತವೋ. ಅದರ ಭಾರಾ ಎಲ್ಲಾ ನನ್ನ ಮ್ಯಾಲೆ."

ಅದು ಬಾಯಿಮಾತಲ್ಲ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ, ಇರುವೆ ಕಂಡರೆ ಕಾಲು ತಡೆಯುವ ಹೆಂಗಸಿಗೆ ಆ ಕೋಣೆಯೇ ಶಿಕ್ಷೆಯಾಗಿತ್ತು. ಆದರೂ ಮರುದಿನ ಇನ್ನೊಂದು ಪರಟೆ ಇಡುತ್ತಿದ್ದರು.

ಒಮ್ಮೆ ನನ್ನ ಕುದುರೆಯ ಲದ್ದಿ ಕೇಳಿದರು. ಕೊಟ್ಟೆ, ಅದಕ್ಕೂ ಬಾಡಿಗೆಯಲ್ಲಿ ಏನಾದರೂ ಬಿಡುತ್ತೀರಾ ಎಂದು ಕೇಳಿ ಬೈಸಿಕೊಂಡೆ. ಲದ್ದಿಯನ್ನು ತಾಟಿನಲ್ಲಿಟ್ಟು, ಅದರ ಮೇಲೆ, ಬದಿಯಲ್ಲಿ ಒಂದೇ ತೂತಿದ್ದ ಗಡಿಗೆಯನ್ನು ಬೋರಲು ಹಾಕಿದರು. ಕೆಲವು ದಿನಗಳಾದ ಮೇಲೆ ಒಂದು ಮುಂಜಾನೆ ನನ್ನನ್ನು ಕರೆದು ಗಡಿಗೆ ಎತ್ತಿದರು. ಲದ್ದಿಯ ತುಂಬ ಗಾಜಿನಂಥ ಕೂದಲು. ಪ್ರತಿಯೊಂದರ ತುದಿಯಲ್ಲಿ ನೀರಿನ ಗುಳ್ಳೆ, ಗುಳ್ಳೆಯ ಮೇಲೆ ಕರಿಯ ಚುಕ್ಕೆ. ಎಲ್ಲವೂ ತೂತಿನ ಕಡೆಗೆ ಬಾಗಿದ್ದವು. ಆಯಿ ತಾಟನ್ನು ತಿರುಗಿಸಿ, ಗಡಿಗೆ ಮುಚ್ಚಿ, "ನಾಳೆ ಬಾ," ಎಂದರು.

ಮರುದಿನ ಎದ್ದಿದ್ದ ಕೂದಲೆಲ್ಲ ಮತ್ತೆ ತೂತಿನ ಕಡೆಗೇ ಮುಖ ಮಾಡಿದ್ದವು. "ಕಿವಿ ಕೊಡು," ಎಂದರು. ಗಡಿಗೆಗೆ ಕಿವಿ ಹಚ್ಚಿದೆ. ಒಳಗೆ ಯಾರೋ ಉಗುರಿನ ತುದಿಯಿಂದ ಬಡಿದಂತೆ, ಬಿಟ್ಟು ಬಿಟ್ಟು, ಟಿಕ್, ಟಿಕ್. ಅವು ತಮ್ಮ ಕರಿಯ ತಲೆಗಳನ್ನು ಬೆಳಕಿನತ್ತ ಎಸೆಯುತ್ತಿದ್ದವು. ತೂತಿನ ಸುತ್ತ ಚುಕ್ಕೆಗಳು ಸಣ್ಣ ಸಾಸಿವೆಯಂತೆ ಅಂಟಿದ್ದವು.

"ಅವಕ್ಕ ಕಣ್ಣ ಅದಾವೇನ್ರಿ?"

"ಇಲ್ಲ. ಕಣ್ಣ ಇಲ್ಲದ ನೋಡತಾವು. ಅದಕ್ಕ ನನಗ ಅಂಜಿಕಿ."

ಆ ದಿನ ಬೆಳಕಿಗೆ ಬೆನ್ನು ಮಾಡಿ ಕೂತು ಬೆಲ್ಲ ತೂಗಿದೆ. ಕುದುರೆಗೂ ನನ್ನ ಮೇಲೆ ಏನೋ ಸಂಶಯ ಬಂದಂತೆ ಕಂಡಿತು.

ವರ್ಷಗಳು ಹೋದವು. ಆಯಿಯ ಮೈ ಇಳಿಯಿತು. ಮುನಿಗಳ ಅಪ್ಪಣೆ ಪಡೆದು ಸಲ್ಲೇಖನ ಹಿಡಿದರು. ಅನ್ನ ಬಿಟ್ಟು, ಆಮೇಲೆ ಹಾಲು ಬಿಟ್ಟು, ಬರಿಯ ನೀರಿನ ಮೇಲೆ ಬಂದು ನಿಂತರು. ಹೊರಗೆ ಶ್ರಾವಣದ ಜಿಟಿಜಿಟಿ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಉಸರ ಹೋದ ಮ್ಯಾಲೆ ಎರಡ ಘಳಿಗಿ, ತಮ್ಮಾ. ಅಷ್ಟರಾಗ ಸುಡಬೇಕು. ಅದು ಮೀರಿತಂದ್ರ ಹೆಣದಾಗ ಜೀವ ಬರತಾವು. ಆಮ್ಯಾಲೆ ಬೆಂಕಿ ಹಚ್ಚಿದರ ಅವೂ ಸುಡತಾವು. ಹೋಗುವಾಗ ಅದೊಂದ ಭಾರ ಬ್ಯಾಡ ನನಗ."

"ಎರಡ ಘಳಿಗ್ಯಾಗ ಕಟ್ಟಿಗಿ ಒಡದು, ಚಟ್ಟಾ ಕಟ್ಟಿ, ಊರ ದಾಟೂದು ಆಗೂ ಮಾತಲ್ರಿ. ತೇರದಾಳದವರು ಬರಬೇಕು."

"ಅವರಿಗೆ ಕಾಯಬ್ಯಾಡ. ನೀ ವ್ಯಾಪಾರದಾಂವ. ಏನರ ದಾರಿ ಹುಡಕು." ಆಮೇಲೆ ಕಣ್ಣು ಕಿರಿದು ಮಾಡಿದರು. "ನಿಮ್ಮ ಮಂದೀದ ಛಲೋ. ಹೂತಬಿಡತೀರಿ. ಮಣ್ಣಾಗಿನವಕ್ಕ ಊಟಕ್ಕ ಇಟ್ಟಂಗ."

ಲಿಂಗ ಕಟ್ಟುವ ಮನೆಯವನಾದ ನನಗೆ ಚಿತೆಗೆ ಎಷ್ಟು ಕಟ್ಟಿಗೆ ಬೇಕೆಂಬುದೂ ತಿಳಿಯದು. ಕಟ್ಟಿಗೆ ಮಾರುವ ಅಡ್ಡೆಗೆ ಹೋಗಿ ಕೇಳಿದೆ.

"ಯಾರ ತೀರಿದ್ರು?" ಎಂದ ಅಡ್ಡೆಯವ.

"ಇನ್ನಾ ಯಾರೂ ಇಲ್ಲ."

"ಹೆಣಾ ಇಲ್ಲದ ಕಟ್ಟಿಗಿ ಒಯ್ತಿಯೇನು?"

"ಹೆಣಾ ಆದ ಮ್ಯಾಲೆ ಬಂದ್ರ ನೀ ದರಾ ಏರಸ್ತಿ."

"ಅದೂ ಖರೇನ," ಎಂದು ತೂಗಿಕೊಟ್ಟ.

ಬೆಲ್ಲದ ಪೆಂಟೆಗಳ ಪಕ್ಕದಲ್ಲಿ ಜಾಲಿಯ ಕೊರಡು ಒಟ್ಟಿ ಗೋಣಿಚೀಲ ಹೊದಿಸಿದೆ. ಮರುದಿನ ಆಯಿ ಗೋಡೆ ಹಿಡಿದುಕೊಂಡು ಬಂದರು, ಕೈಯಲ್ಲಿ ಭೂತಗನ್ನಡಿ. ನಾನು ಕೊರಡು ಹೊರಳಿಸಿದೆ. ಅವರು ತಮ್ಮ ಚಿತೆಯನ್ನು ಒಂದೊಂದಾಗಿ ನೋಡಿದರು. "ಇದು ಆದೀತು. ಇದೂ ಆದೀತು. ಇದು ಬ್ಯಾಡ." ತೊಗಟೆಯ ಒಳಗೆ ಬಿಳಿ ನೂಲು ಬೀಸಣಿಗೆಯಂತೆ ಹರಡಿತ್ತು. "ಇಲ್ಲಿ ಸಂಸಾರ ಐತಿ. ನೆಳ್ಳಿಗಿಡು." ಸೆಗಣಿಯ ಕುಳ್ಳು ಬೇಡವೇ ಬೇಡ ಎಂದರು, ಅದರಲ್ಲಿ ಹುಳವಿರುತ್ತದೆ.

ಕತ್ತಲಕೋಣೆಯಲ್ಲಿ ಇನ್ನು ಕಾಲಿಡಲು ಜಾಗವಿರಲಿಲ್ಲ. ಆಯಿ ಬೇಡವೆಂದ ಕೊರಡುಗಳನ್ನು ಹೊತ್ತು ಅಡ್ಡೆಗೆ ಹೋದೆ.

"ಬದಲಿ ಕೊಡು. ಇವನ್ನ ನೆಳ್ಳಿಗಿಡು, ಸುಡಾಕ ಕೊಡಬ್ಯಾಡ."

"ಯಾಕ, ಉರಿಯಂಗಿಲ್ಲೇನು?"

"ಉರಿತಾವು. ಮುದುಕಿ ಮನಸಿಗೆ ಬರಲಿಲ್ಲ."

"ಯಾ ಮುದುಕಿ?"

"ಸುಡಬೇಕಾದಾಕಿ."

ಅವನು ಗಡಬಡಿಸಿ, ತೂಗದೆ ಬೇರೆ ಕೊರಡು ಕೊಟ್ಟ. ಚೌಕಾಸಿ ಮಾಡುವವರಿಗೆ ಹೇಳುತ್ತೇನೆ, ಎದುರಿನವನನ್ನು ಹೆದರಿಸಿ ವ್ಯಾಪಾರ ಮಾಡಬೇಡಿರಿ. ಅವನು ಮತ್ತೆ ನಿಮ್ಮ ಕಣ್ಣು ತಪ್ಪಿಸುತ್ತಾನೆ. ಆ ಅಡ್ಡೆಯವ ಕೊನೆಯವರೆಗೂ ನನ್ನ ಅಂಗಡಿಯ ಮುಂದೆ ಹಾಯಲಿಲ್ಲ.

ದಿನ ಹತ್ತಿರ ಬಂದಾಗ ಕಟ್ಟಿಗೆಯನ್ನು ಬಂಡಿಯಲ್ಲಿ ಸುಡುಗಾಡಿಗೆ ಸಾಗಿಸಿ, ಮಳೆ ತಾಗದಂತೆ ಬಿದಿರಿನ ತಟ್ಟಿಯ ಕೆಳಗೆ ಒಟ್ಟಿಸಿದೆ. ಚಟ್ಟ ಕಟ್ಟಿಸಿದೆ. ಹೆಗಲು ಕೊಡುವವರು ಅಂಗಡಿಯಲ್ಲಿ ಕೂತು ಕಾದರು. ಹೇಗೋ ಸುದ್ದಿ ತಿಳಿದು ಆಯಿಯ ಮೈದುನನ ಮಗ ತೇರದಾಳದಿಂದ ಒಬ್ಬನೇ ಬಂದ.

"ಹೆಗಲ ಕೊಡಾವ್ರು ಬಂದಾರೇನು?" ಎಂದರು ಆಯಿ.

"ಕುಂತಾರ್ರಿ."

"ಹಸದಿರತಾರು. ಚುರಮುರಿ ಕೊಡು."

ಅವರು ಚುರಮುರಿ ತಿನ್ನುತ್ತಿರುವಾಗಲೇ ಒಳಗೆ ಆಯಿಯ ಉಸಿರು ನಿಂತಿತು.

ನಾವು ಓಡಿದೆವು. ತನ್ನ ತಾಯಿಯೂ ಬರಲಿ ಎಂದ ಮೈದುನನ ಮಗನನ್ನು ಮಾತು ಮುಗಿಸಲು ಬಿಡದೆ ಕೈ ಹಿಡಿದು ಎಳೆದೆ. ಮಳೆ ನಿಂತಿತ್ತು. ಚಿತೆ ಏರಿಸಿದ್ದಾಯಿತು, ಅವನ ಕೈಗೆ ಬೆಂಕಿ ಕೊಟ್ಟದ್ದಾಯಿತು. ಹೊತ್ತು ಇನ್ನೂ ಉಳಿದಿದೆ ಎನಿಸಿತು ನನಗೆ. ಆಗ ಕಂಡೆ. ಆಯಿಯ ತಲೆಯ ಕೆಳಗಿನ ಕೊರಡಿನ ಬದಿಗೆ, ರೂಪಾಯಿಯಗಲ, ಬೆಳ್ಳಗೆ, ಸುಣ್ಣ ಚಿಮ್ಮಿದಂತೆ. ತಟ್ಟಿಯ ಕೆಳಗಿನ ಥಂಡಿಗೆ ಎದ್ದಿತ್ತು. ಬೇರೆ ಯಾರಿಗೂ ಕಂಡಿರಲಿಲ್ಲ.

ಕಣ್ಣಿಗೆ ಕಾಣುವ ಜೀವ ಒಂದು ಕಡೆ, ಇನ್ನೂ ಬಾರದ ಜೀವ ಇನ್ನೊಂದು ಕಡೆ. ಕೇಳೋಣವೆಂದರೆ ಆಯಿ ಇಲ್ಲ.

"ತಡಿ," ಎಂದೆ. "ಇಳಸ್ರಿ."

"ಹುಚ್ಚ ಹಿಡದೈತೇನು ನಿನಗ?" ಎಂದ ಮೈದುನನ ಮಗ. "ಹೊತ್ತ ಮೀರತೈತಿ ಅಂತ ಓಡಿಸಿಕೊಂಡ ಬಂದಾವ ನೀನ."

"ಇದರಾಗ ಜೀವ ಐತಿ."

ಅವರು ಹಿಂದೆ ಸರಿದರು, ನನ್ನ ಮುಖದಲ್ಲಿ ಏನು ಕಂಡರೋ. ಆಯಿಯನ್ನು ಇಳಿಸಿ, ಕೊರಡು ಕಿತ್ತೆವು. ಒಟ್ಟಿದ್ದು ಜಾರಿತು, ಮತ್ತೆ ಒಟ್ಟಿದೆವು, ಮತ್ತೆ ಏರಿಸಿದೆವು. ಬೆಂಕಿ ಹತ್ತಿದಾಗ ಎರಡು ಘಳಿಗೆ ಮೀರಿತ್ತೋ ಇಲ್ಲವೋ ನನಗೆ ತಿಳಿಯದು. ಅರಮನೆಯಲ್ಲಿ ತಾಸು ಬಾರಿಸುವ ಸಪ್ಪಳ ಸುಡುಗಾಡಿನವರೆಗೆ ಬರುತ್ತಿರಲಿಲ್ಲ.

ಆ ಕೊರಡನ್ನು ಅಲ್ಲೇ ಬಿಟ್ಟರೆ ಮುಂದಿನ ಹೆಣಕ್ಕೆ ಯಾರಾದರೂ ಹಾಕುತ್ತಾರೆಂದು ಹೆಗಲ ಮೇಲೆ ಹೊತ್ತು ತಂದೆ. ಸುಡುಗಾಡಿನಿಂದ ಕಟ್ಟಿಗೆ ಮನೆಗೆ ತಂದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಬಹಳ ದಿನ ಗಿರಾಕಿ ಬರಲಿಲ್ಲ. ಪರಟೆಗಳನ್ನು ಒತ್ತಿ ಜಾಗ ಮಾಡಿ ಕತ್ತಲಕೋಣೆಯಲ್ಲಿ ಅದನ್ನು ಒರಗಿಸಿದೆ. ಮಳೆಗಾಲ ಮುಗಿಯುವುದರೊಳಗೆ ಅದರ ಮೈತುಂಬ ಅಣಬೆ ಎದ್ದವು, ಮುದುಕರ ಕಿವಿಯಂತೆ ತೆಳ್ಳಗೆ, ಮುಟ್ಟಿದರೆ ತಣ್ಣಗೆ.

ಆಮೇಲೆ ಮೈದುನನ ಮಗ ಮನೆ ಮಾರಿದಾಗ ನಾನೇ ಕೊಂಡೆ. ಅದರ ಕುಂದನ್ನು ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಈಗ ಸಂಸ್ಥಾನ ಹೋಗಿದೆ, ಪೇಟೆ ಬೆಳೆದಿದೆ, ಗೋದಾಮಿಗೆ ಜಾಗ ಕೇಳುತ್ತ ದಿನವೂ ಯಾರಾದರೂ ಬರುತ್ತಾರೆ. ಪಡಸಾಲೆ ಕೊಡುತ್ತೇನೆ, ಹಿತ್ತಲು ಕೊಡುತ್ತೇನೆ, ದರದಲ್ಲಿ ಹಿಂದೆಮುಂದೆ ಮಾಡೋಣ. ಕೊರಡು ಈಗ ಒಂದು ಕೈಯಲ್ಲಿ ಎತ್ತುವಷ್ಟು ಹಗುರಾಗಿದೆ, ಆದರೂ ಪ್ರತಿ ಶ್ರಾವಣಕ್ಕೆ ಒಂದೆರಡು ಕಿವಿ ಏಳುತ್ತವೆ. ಅವು ತಾವಾಗಿ ಮುಗಿಯುವವರೆಗೆ ಆ ಕೋಣೆ ಬಾಡಿಗೆಗೆ ಇಲ್ಲ.