ಹಲ್ಲಿರುವ ಕೋಳಿ ಮತ್ತು ನನ್ನ ಮದುವೆ

ಭಾಲ್ಕಿಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮದುವೆಗೆ ಮುಂಚೆ ಬೀದರಿನ ತವರಿನಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆಗ ಪಾಠಕ್ಕೆಂದು ಗರಿಯಿರುವ ಒಂದು ಸಣ್ಣ ಡೈನೋಸಾರ್ ಮಾಡಿದ್ದೆ. ಹೆಸರು ಮೈಕ್ರೋರ್ಯಾಪ್ಟರ್, ಗಾತ್ರ ಕಾಗೆಯಷ್ಟು. ತಂತಿಯ ಎಲುಬು, ಮಣ್ಣಿನ ಮೈ. ಕೋಳಿ ಅಂಗಡಿಯಿಂದ ಪುಕ್ಕ ತಂದು ಕಪ್ಪು ಬಣ್ಣ ಬಳಿದು ಅಂಟಿಸಿದ್ದೆ.

ಔರಾದ್ ಕಡೆಯ ಡಾಬಕಾದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅವ್ವ ಅದನ್ನು ಮಂಚದ ಕೆಳಗೆ ತಳ್ಳಿದಳು. ಹುಡುಗನ ಅಜ್ಜಿ ನೇರವಾಗಿ ಬಂದು ಅದೇ ಮಂಚದ ಮೇಲೆ ಕೂತರು. ಕಾಲಿಗೆ ಏನೋ ತಾಗಿತು. ಬಗ್ಗಿ ಹೊರಗೆಳೆದರು.

"ಇದೇನ್ ಯವ್ವಾ, ಸತ್ತ ಕಾಗಿ?"

ಹುಡುಗ ಕುರ್ಚಿಸಮೇತ ಹಿಂದೆ ಸರಿದ.

"ಕಾಗಿ ಅಲ್ಲರಿ ಆಯಿ, ಡೈನೋಸಾರ್ ಅದರಿ," ಎಂದೆ. ಅವ್ವ ನನ್ನತ್ತ ಕಣ್ಣು ಕೆಕ್ಕರಿಸಿದಳು.

ಅಜ್ಜಿ ಅದನ್ನು ಸಂತೆಯಲ್ಲಿ ಕೋಳಿ ನೋಡುವ ಹಾಗೆ ತಿರುಗಿಸಿ ನೋಡಿದರು. "ಪುಕ್ಕ ಅದ. ಅಂದ್ರ ಹಕ್ಕಿ."

"ಬಾಯಾಗ ನೋಡ್ರಿ, ಹಲ್ಲ ಅವ. ರೆಕ್ಕಿಗಿ ಉಗರ ಅವ. ಬಾಲದ ತುದಿತನಕ ಎಲುಬ ಅವರಿ."

"ಕಾಲಿಗೂ ರೆಕ್ಕಿ ಹಚ್ಚೀದಿ?"

"ಅದಕ್ಕ ನಾಕು ರೆಕ್ಕಿನೇ ಇದ್ವುರಿ."

"ಹಂಗಾದ್ರ ಹಲ್ಲಿ ಜಾತೀದೇನ್ರಿ?" ಹುಡುಗನ ತಂದೆ ಕೇಳಿದರು.

"ಅಲ್ಲರಿ. ಹಕ್ಕಿಗೋಳ ದಾಯಾದಿರಿ."

"ಮಾರಿ ಒಂದೇ, ಮನಿ ಬ್ಯಾರೆ. ತಿಳೀತು," ಎಂದರು ಅಜ್ಜಿ. ಅಡುಗೆ ಬರುತ್ತದೋ ಇಲ್ಲವೋ ಎಂದು ಕೇಳುವುದನ್ನು ಎಲ್ಲರೂ ಮರೆತರು.

ಹುಡುಗ ನನ್ನೊಬ್ಬಳ ಜೊತೆ ಮಾತಾಡಬೇಕೆಂದ. ಮಾಳಿಗೆಗೆ ಹೋದೆವು. ಕರೆಂಟಿನ ಕಂಬ ಹತ್ತುವ ನೌಕರಿ ಅವನದು.

"ಮದಿವಿ ಆದ ಮ್ಯಾಲ ಅದು ಮನಿಗಿ ಬರ್ತದೇನ್ರಿ?"

"ಕಾಲೇಜಿನ್ಯಾಗ ಇಡ್ತೇನ್ರಿ. ಯಾಕ?"

"ಸಣ್ಣಾಂವ ಇದ್ದಾಗ ಹುಂಜ ಬೆನ್ನ ಹತ್ತಿ ಕುಕ್ಕಿತ್ತರಿ. ಪುಕ್ಕ ಕಂಡ್ರ ಇನ್ನಾ ಎದಿ ಡವಡವ ಅಂತದ."

ಸಂಬಳ, ಹೊಲ, ಮನೆ ಎಂದು ಹೇಳಿಕೊಂಡ ಗಂಡುಗಳನ್ನು ಕಂಡಿದ್ದೆ. ಅಂಜಿಕೆ ಹೇಳಿಕೊಂಡವನು ಇವನೊಬ್ಬನೇ. ಒಪ್ಪಿದೆ.

ಮದುವೆಯಾಗಿ ಡಾಬಕಾಗೆ ಹೋದ ಮೊದಲ ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ಕುಂಟುವ ಕೋಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳು. ಮೊಮ್ಮಗನ ಹೆಂಡತಿ ಕೋಳಿ ಡಾಕ್ಟರ್ ಎಂದು ಅಜ್ಜಿ ಊರೆಲ್ಲ ಹೇಳಿಬಿಟ್ಟಿದ್ದರು. ನನ್ನ ಗಂಡ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಕೋಳಿಯ ಕಾಲಿನ ಒಂದೊಂದು ಎಲುಬಿನ ಹೆಸರೂ ನನಗೆ ಗೊತ್ತಿತ್ತು. ಕೋಳಿ ಹಿಡಿಯುವುದು ಗೊತ್ತಿರಲಿಲ್ಲ. ಕೈಗೆ ಕೊಟ್ಟ ಕೂಡಲೇ ಅದು ಜಾರಿ, ಕುಂಟುತ್ತಲೇ ಓಡಿ, ಗೋಡೆ ಹಾರಿತು.

"ಗುಣಾ ಆತು ನೋಡ್ರಿ!" ಎಂದು ಹೆಂಗಸು ಕೈಮುಗಿದು ಅದರ ಹಿಂದೆ ಓಡಿದಳು.